ಗೋಧಿ ಬಿಟ್ಟ ಗಿರಣಿ

ನನ್ನ ಮೊಮ್ಮಗಳ ರಕ್ತ ಚೊಕ್ಕ ಬಂದದ. ಇದನ್ನ ಮೊದಲು ಹೇಳಿಬಿಡ್ತೀನಿ, ಉಳಿದದ್ದೆಲ್ಲಾ ಆಮ್ಯಾಲ. ನಿನ್ನಿ ಮುಂಜಾನಿ ಉದಗೀರದ ದವಾಖಾನ್ಯಾಗ ಡಾಕ್ಟರಬಾಯಿ ಕಾಗದ ನೋಡಿ, ಚಷ್ಮಾ ತಗದಿಟ್ಟು, ಎದ್ದು ಬಂದು ನಮ್ಮ ಹುಡುಗೀನ ಎತ್ತಲಿಕ್ಕ ನೋಡಿದರು. ಅರ್ಧಕ್ಕ ಇಳಿಸಿ, "ಬಾಬಾ, ಇನ್ನ ಈಕೀನ ಎತ್ತೋದು ನನ್ನ ಕೈಲಿಂದ ಆಗಲ್ಲ" ಅಂದರು. ಇದೇ ಡಾಕ್ಟರಬಾಯಿ ಇದೇ ಹುಡುಗೀನ ಹಿಂದ ಒಂದ ಕೈಲೆ ಎತ್ತಿ ತಕ್ಕಡಿ ಮ್ಯಾಲ ಕುಂದ್ರಿಸಿದ್ದರು.

ನನಗ ನೆಲದ ಮ್ಯಾಲ ಕಾಲು ನಿಲ್ಲಲಿಲ್ಲ. ನಿಲಂಗಾ ಬಸ್ಸಿನಾಗ ಕುಂತು, ಹುಡುಗಿಗಿ ಅಂತ ಕಟ್ಟಿಕೊಂಡು ಹೋಗಿದ್ದ ಜ್ವಾಳದ ಬಿಸ್ಕೀಟ ಡಬ್ಬಿ ಬಿಚ್ಚಿ ಸಿಕ್ಕಸಿಕ್ಕವರಿಗೆಲ್ಲಾ ಹಂಚಿದೆ. ಕಂಡಕ್ಟರ ಒಂದು ಬಾಯಾಗ ಹಾಕ್ಕೊಂಡು, "ಯಾರದು ಮದವಿ ಮುತ್ಯಾ?" ಅಂದ. ಮದವಿಕಿಂತ ದೊಡ್ಡದು ಅಂದೆ. ಆದರ ನಿಲಂಗಾ ಹತ್ತಿರ ಬರೋದ್ರಾಗ ಹುಡುಗಿ ನನ್ನ ತೊಡಿ ಮ್ಯಾಲ ನಿದ್ದಿ ಹತ್ತಿದಳು. ಆಕಿ ತಲಿ ನೋಡಿಕೋತ ನನಗ ಅಳು ಬಂತು. ಹೆಗಲ ಮ್ಯಾಲಿನ ಶೆಲ್ಯಾ ಮಾರಿ ಮ್ಯಾಲ ಎಳಕೊಂಡು ಅತ್ತೆ. ಮಗ್ಗಲ ಕುಂತ ಹುಡುಗಿ ಅವ್ವ, ನನ್ನ ದೊಡ್ಡ ಸೊಸಿ, ನೋಡಿಯೂ ನೋಡದಂಗ ಕಿಡಕ್ಯಾಗಿಂದ ಹೊರಗ ನೋಡಿದಳು.

ಇಂಥಾ ಸುದ್ದಿ ಬಂದ ದಿನ ಅಳೋ ಮುದುಕಗ ನೀವು ಹುಚ್ಚ ಅಂತೀರಿ. ಅದಕ್ಕೇ ಬರೀಲಿಕ್ಕ ಕುಂತೀನಿ. ನಾ ಕಲಿತದ್ದು ನಾಕನೇ ಇಯತ್ತಿ ತನಕ, ಅದೂ ಮರಾಠಿ ಸಾಳ್ಯಾಗ. ಕನ್ನಡ ಅಕ್ಷರ ಮಠದಾಗ ಓದೋರ ಮಗ್ಗಲ ಕುಂತು ಕಲಿತದ್ದು. ತಪ್ಪಿದ್ದರ ತಿದ್ದಿಕೊಂಡು ಓದ್ರಿ.

ನಮ್ಮೂರು ದಾಳಿಂಬ, ಮಹಾರಾಷ್ಟ್ರದ ಗಡಿಯಾಗ. ಅಲ್ಲಿ ನಮ್ಮ ಮನಿ ಮುಂದಿನ ಖೋಲಿನೇ ಹಿಟ್ಟಿನ ಗಿರಣಿ. ಹಿಂದ ಮನಿ, ನಡುವ ಒಂದು ಬಾಗಿಲ. ನನ್ನ ಮೊಮ್ಮಗಳು ಆ ಹೊಸ್ತಿಲ ದಾಟಿ ಅಂಬೆಗಾಲಿಲೆ ಬಂದು ಹಿಟ್ಟಿನಾಗೇ ಆಡಿ ಬೆಳದಾಕಿ. ಬೆಳದಾಕಿ ಅಂತೀನಿ, ಖರೆ ಹೇಳಬೇಕಂದ್ರ ಮೂರು ವರ್ಷ ದಾಟಿದ ಮ್ಯಾಲ ಬೆಳೆಯೋದೇ ನಿಂತಿತು. ಕೈಕಾಲು ಕಡ್ಡಿ, ಹೊಟ್ಟಿ ಮಾತ್ರ ಗಡಗಿ. ಉಂಡದ್ದು ನಿಲ್ಲುತ್ತಿರಲಿಲ್ಲ. ಮೊದಲು ಕಿರಿಕಿರಿ ಮಾಡೋಳು, ಆಮ್ಯಾಲ ಕಿರಿಕಿರಿ ಮಾಡಲಿಕ್ಕೂ ತ್ರಾಣ ಇಲ್ಲದಂಗ ಗ್ವಾಡಿಗಿ ಆತು ಕುಂದ್ರೋಳು.

ದೃಷ್ಟಿ ತಗದೆವು, ತಾಯತ ಕಟ್ಟಿದೆವು, ಜಂತಿನ ಔಷಧ ಕುಡಿಸಿದೆವು. ಎಲ್ಲಾದಕ್ಕಿಂತ ಹೆಚ್ಚು ನಂಬಿದ್ದು ಗೋಧಿ ಸತ್ವ. ನಮ್ಮ ಕಡಿ ಜ್ವಾಳ ಅಂದ್ರ ದಿನದ ಹೊಟ್ಟಿಪಾಡು, ಗೋಧಿ ಅಂದ್ರ ಮಾಯಿ, ಪ್ರೀತಿ. ಬೀಗರು ಬಂದರ ಚಪಾತಿ, ಹಬ್ಬಕ್ಕ ಹೋಳಿಗಿ, ಕೂಸು ಸೊರಗಿದರ ಸತ್ವ. ಒಳ್ಳೆ ಗೋಧಿ ಆರಿಸಿ ನೆನಿ ಹಾಕಬೇಕು, ದಿನಾ ನೀರು ಬದಲಿಸಬೇಕು, ಹುಳಿ ವಾಸನಿ ಬರೋ ಹೊತ್ತಿಗಿ ರುಬ್ಬಿ ಬಟ್ಟ್ಯಾಗ ಹಿಂಡಬೇಕು. ತಳಕ್ಕ ಕುಂತ ಬಿಳಿ ಗಟ್ಟಿ ಬಿಸಲಿಗಿ ಒಣಗಿಸಿ, ಹಾಲಿನಾಗ ಕುದಿಸಿ, ಬೆಲ್ಲ ತುಪ್ಪ ಹಾಕಿ ಉಣಿಸಬೇಕು. ನನ್ನ ಹೆಂಡ್ತಿ ಇದನ್ನೆಲ್ಲಾ ಬ್ಯಾಸರಿಲ್ಲದೆ ಮಾಡಿದಳು. ಹುಡುಗಿ ಸೊರಗಿದಂಗ ಸತ್ವ ಹೆಚ್ಚು ಮಾಡಿದೆವು.

ಆ ಗೋಧಿ ಹಾಲು ಹಿಂಡೋದು ನಾ ಸಣ್ಣಾಂವ ಇದ್ದಾಗ ನೋಡಿದ್ದೆ. ನನ್ನ ಬೆನ್ನಿಗಿ ಹುಟ್ಟಿದ ತಂಗಿ ಒಬ್ಬಾಕಿ ಇದ್ದಳು. ಇದೇ ಹೊಟ್ಟಿ, ಇದೇ ಕಡ್ಡಿ ಕೈ. ನಮಗೆಲ್ಲಾ ರೊಟ್ಟಿ, ಆಕಿಗಿ ಒಬ್ಬಾಕಿಗಿ ಗೋಧಿ. ನಮ್ಮವ್ವ ತನ್ನ ಪಾಲಿನ ತುಪ್ಪನೂ ಅದಕ್ಕೇ ಸುರಿಯೋಳು. ಸಾಳಿಗಿ ಹಾಕೋ ವಯಸ್ಸು ಬರೋದ್ರಾಗ ತಂಗಿ ಅವ್ವನ ತೊಡಿ ಮ್ಯಾಲ ಹೋದಳು. ಹೊಲದ ಬೇವಿನ ಗಿಡದ ಬುಡಕ್ಕ ಮಣ್ಣು ಮಾಡಿದರು. ಎಳ್ಳಮಾಸಿ ದಿನ ನಮ್ಮ ಕಡಿ ಊರಿಗಿ ಊರೇ ಹೊಲಕ್ಕ ಹೋಗಿ ಉಣ್ಣತದ. ಅವತ್ತ ಅವ್ವ ಮೊದಲ ಎಡಿ ಆ ಬೇವಿನ ಬುಡಕ್ಕ ಇಡೋಳು. ಗೋಧಿ ಹುಗ್ಗಿ, ಮ್ಯಾಲ ತುಪ್ಪ. ಅವ್ವ ಹೋದ ಮ್ಯಾಲ ನಾ ಇಡ್ಲಿಕ್ಕ ಹತ್ತಿದೆ.

ದೊಡ್ಡ ಸೊಸಿ ತವರುಮನಿ ಉದಗೀರ. ಆಕಿ ಅಣ್ಣ ಹಟ ಹಿಡಿದು ಹುಡುಗೀನ ಅಲ್ಲಿಯ ಮಕ್ಕಳ ಡಾಕ್ಟರಬಾಯಿ ಹತ್ತಿರ ಒಯ್ದ. ರಕ್ತ ತಗದರು. ಆಮ್ಯಾಲ ಲಾತೂರಿಗಿ ಕಳಿಸಿದರು. ಅಲ್ಲಿ ಹುಡುಗಿಗಿ ಮಲಗಿಸಿ, ಬಾಯಾಗಿಂದ ನಳಿಗಿ ಇಳಿಸಿ, ಕಳ್ಳಿನ, ಅಂದ್ರ ಕರುಳಿನ, ಒಂದು ಚೂರು ತಗದು ನೋಡಿದರು. ತಿರುಗಿ ಉದಗೀರಕ್ಕ ಬಂದಾಗ ಡಾಕ್ಟರಬಾಯಿ ನಮ್ಮ ಎದುರಿಗಿ ಕುರ್ಚಿ ಎಳಕೊಂಡು ಕುಂತು ಬಿಡಿಸಿ ಹೇಳಿದರು. ಈ ಹುಡುಗಿ ಮೈಗಿ ಗೋಧಿ ಹೊಂದಂಗಿಲ್ಲ. ಗೋಧಿ ಒಳಗ ಹೋದಂಗ ಕಳ್ಳು ಸವೀತದ, ಸವದ ಕಳ್ಳು ಉಂಡದ್ದನ್ನ ಹೀರಂಗಿಲ್ಲ. ಗುಳಿಗಿ ಇಲ್ಲ, ಔಷಧ ಇಲ್ಲ. ಚಪಾತಿ, ರವಾ, ಮೈದಾ, ಶಾವಿಗಿ ಸಾಯೋತನಕ ಬಂದ್. ಬಿಟ್ಟರ ಕಳ್ಳು ತಾನೇ ಮಾಯತದ.

ನಾ ಕೇಳಿದೆ, "ಸತ್ವ ಕೊಟ್ಟರ ನಡೀತದಲ್ಲರೀ ಬಾಯಿ?"

"ಬಾಬಾ, ಸತ್ವ ಗೋಧೀದೇ ಅಲ್ಲೇನು" ಅಂದರು ಅವರು. ಬೈಲಿಲ್ಲ. ಮೆಲ್ಲಕ ಅಂದರು.

ಆಮ್ಯಾಲ ಕೇಳಿದರು, ಇದು ರಕ್ತದ ಸಂಬಂಧದಾಗ ಬರತದ, ಮನ್ಯಾಗ ಹಿಂದ ಯಾರಿಗಾದರೂ ಹಿಂಗ ಆಗಿತ್ತೇನು ಅಂತ. ಹುಡುಗಿ ಅಪ್ಪ, ನನ್ನ ದೊಡ್ಡ ಮಗ, ಇಲ್ಲರೀ ಅಂದ. ಅಂವಗ ಏನು ಗೊತ್ತು. ನಾ ಎದ್ದು ಹೊರಗ ಹೋಗಿ ನಳದಾಗ ಮಾರಿ ತೊಳಕೊಂಡು, ತಿರುಗಿ ಬಂದು, "ನನ್ನ ತಂಗಿಗಿ" ಅಂದೆ. ಅವರು ಪೆನ್ನು ಕೆಳಗಿಟ್ಟರು. ಬಸ್ಸಿನಾಗ ಬರುವಾಗ ಒಂದೇ ವಿಚಾರ ತಲ್ಯಾಗ ತಿರುಗುತ್ತಿತ್ತು. ಬಡವರ ಊಟ ಅಂತ ನಮಗ ಕೊಟ್ಟ ಜ್ವಾಳದ ರೊಟ್ಟಿ ಆಕಿಗೂ ಕೊಟ್ಟಿದ್ದರ ಆಕಿ ಬದುಕುತ್ತಿದ್ದಳು. ಅವ್ವ ಇದು ತಿಳೀದೇ ಹೋದಳು. ಅಷ್ಟರಮಟ್ಟಿಗಿ ಆಕಿ ಪುಣ್ಯವಂತಿ.

ಅವತ್ತಿನಿಂದ ಹುಡುಗಿಗಿ ರೊಟ್ಟಿ ಮಾತ್ರ. ದೊಡ್ಡ ಸೊಸಿ ಬ್ಯಾರೆ ಹಂಚು, ಹಿಟ್ಟು ನಾದಲಿಕ್ಕ ಬ್ಯಾರೆ ಪರಾತ ಇಟ್ಟಳು. ಹುಡುಗಿ ಜ್ವಾಳ ನಾನೇ ಬೀಸೋದು. ದಿನಾ ಮುಂಜಾನಿ ಗಿರಣಿ ಚಾಲೂ ಮಾಡಿದ ಕೂಡಲೇ, ಮತ್ಯಾರ ಕಾಳೂ ಬೀಳೋಕಿಂತ ಮೊದಲು. ನಮ್ಮ ಕಸಬಿನಾಗ ಒಂದು ರೂಢಿ ಅದ. ಒಬ್ಬರ ಕಾಳು ಮುಗದು ಇನ್ನೊಬ್ಬರ ಕಾಳು ಹಾಕುವಾಗ ಒಂದೆರಡು ಬೊಗಸಿ ಬೀಸಿ ಆ ಹಿಟ್ಟು ದನಕ್ಕ ತಗೀತೀವಿ. ಅಲ್ಲಿಗಿ ಗಿರಣಿ ಚೊಕ್ಕ ಆತು ಅಂತ ಲೆಕ್ಕ. ಹುಡುಗಿ ಸಲುವಾಗಿ ನಾ ಇನ್ನೂ ಒಂದು ಬೊಗಸಿ ಹೆಚ್ಚೇ ತಗೀತಿದ್ದೆ.

ಒಂದಿಷ್ಟು ತಿಂಗಳ ಮ್ಯಾಲ ರಕ್ತ ನೋಡಿದರು. ರಕ್ತದಾಗಿನ ದೋಷ ಎಲ್ಲಿತ್ತೋ ಅಲ್ಲೇ ಇತ್ತು. ಹುಡುಗಿ ತುಟಿ ಮೂಲ್ಯಾಗ ಹುಣ್ಣು, ಹೊಟ್ಟಿ ಹಂಗೇ. ಡಾಕ್ಟರಬಾಯಿ ಎಲ್ಲೋ ಗೋಧಿ ಹೊಂಟದ ನೋಡ್ರಿ ಅಂದರು. ದೊಡ್ಡ ಸೊಸಿ ಹಿಂಗಿನ ಡಬ್ಬಿ ತಂದು ತೋರಿಸಿದಳು, ಅದರಾಗ ಗೋಧಿ ಹಿಟ್ಟು ಕೂಡಿಸಿರತಾರ ಅಂತ ಅದೂ ಬಂದಾತು. ಆದರೂ ಹುಡುಗಿ ಇಳಕೋತ ಹೊಂಟಳು. ಒಂದಿನ ನನ್ನ ಹೆಂಡ್ತಿ ಹುಡುಗಿ ಕೈಬಳಿ ತೊಡಿಸಲಿಕ್ಕ ಹೋಗಿ, ಬಳಿ ರಟ್ಟಿ ತನಕ ಸರಿದದ್ದು ನೋಡಿ, ಬಳಿ ತಗದು ಟ್ರಂಕಿನಾಗ ಇಟ್ಟಳು.  ಆಕಿಗೂ ನನ್ನ ತಂಗಿ ಕಥಿ ಗೊತ್ತಿತ್ತು.

ಆವಾಗ ಸಣ್ಣ ಮಗ ಬಂದ. ಅಂವಾ ಕೊಂಕಣದ ಸಮುದ್ರದ ದಂಡಿ ಮ್ಯಾಲ ಒಂದು ಅಡಗಿಮನ್ಯಾಗ ಕೆಲಸಕ್ಕಿದ್ದ. ಅಲ್ಲಿ ಮಂದಿ ದೊಡ್ಡ ಹಲಗಿ ಮ್ಯಾಲ ನಿಂತು ತೆರಿ ಮ್ಯಾಲ ಜಾರೋದು ಕಲೀಲಿಕ್ಕ ಬರತಾರಂತ. ಸರ್ಫಿಂಗ್ ಅಂತಾನ ಅಂವಾ. ಮುಂಜಾನಿ ಸಮುದ್ರ, ಬಂದ ಮ್ಯಾಲ ಹಣ್ಣು, ಮೊಳಕಿ ಕಾಳು, ರಾಗಿ ಜ್ವಾಳದ ಬ್ರೆಡ್ಡು, ಆಮ್ಯಾಲ ಗಿಡಕ್ಕ ಕಟ್ಟಿದ ಜೋಳಿಗ್ಯಾಗ ಮಲಗೋದು. ಇಂವನೂ ಅವರ ಜೋಡಿ ಹಂಗೇ ಆಗ್ಯಾನ. ಕೂದಲ ಬಿಸಲಿಗಿ ಕೆಂಚಗ ಆಗ್ಯಾವ, ನಡಿಗಿ ಸಾವಕಾಶ, ಯಾವದಕ್ಕೂ ಅವಸರ ಇಲ್ಲ. ನನಗ ಅಂವನ್ನ ಕಂಡ್ರ ಮೈ ಉರಿಯೋದು. ಹುಡುಗಿ ಹಿಂಗಾಗ್ಯಾಳ, ಏನು ಮಾಡೂದಪಾ ಅಂದ್ರ, "ತೆರಿ ಬರೋತನಕ ಕಾಯಬೇಕಪ್ಪಾ, ಬಂದಾಗ ಎದ್ದು ನಿಂದ್ರಬೇಕು" ಅಂದ.

"ದಾಳಿಂಬದ ಹಳ್ಳಕ್ಕ ನೀರಿಲ್ಲ, ತೆರಿ ಎಲ್ಲಿಂದ ತರಲಿ" ಅಂದೆ.

ನಕ್ಕ. ಆದರ ಅದೇ ದಿನ ಗಿರಣ್ಯಾಗ ಬಂದು ನಿಂತು ಸುತ್ತಮುತ್ತ ನೋಡಿದ. ಸ್ಟೂಲ್ ಮ್ಯಾಲ ಹತ್ತಿ ಮ್ಯಾಲಿನ ತೊಲಿ ಗುಂಟ ಬಟ್ಟು ಎಳದ. ಬಟ್ಟು ಬಿಳಿ. ಬಾಗಿಲ ಚೌಕಟ್ಟಿನ ಮ್ಯಾಲ ಎಳದ, ಬಿಳಿ. ಹಿಂದ ಅಡಗಿಮನ್ಯಾಗ ಹೋಗಿ, ಹುಡುಗಿ ಬ್ಯಾರೆ ಪರಾತ ಇಟ್ಟಿದ್ದ ಗೂಟದ ಮ್ಯಾಲ ಎಳದ, ಅಲ್ಲೂ ಬಿಳಿ. ಅವರ ಅಡಗಿಮನಿಗಿ ಗೋಧಿ ಆಗದ ಮಂದಿ ಬರತಾರಂತ. ಅವರ ಹಿಟ್ಟು ಬ್ಯಾರೆ ಗಿರಣಿದೇ ಬೇಕು, ಚಾಕು ಸುದ್ದಾ ಬ್ಯಾರೆ ಅಂತ. ಬಟ್ಟು ನನ್ನ ಮುಂದ ಹಿಡದ. "ಅಪ್ಪಾ, ಹುಡುಗಿ ಗೋಧಿ ಬಿಟ್ಟಿಲ್ಲ. ಗಾಳ್ಯಾಗ ಉಣ್ಣಲತ್ತಾಳ."

ಗಿರಣಿ ಬಂದ್ ಮಾಡಿ ಬಿಚ್ಚಲಿಕ್ಕ ಕುಂತೆವು, ನಾನೂ ಇಬ್ಬರು ಮಕ್ಕಳೂ. ಪಟ್ಟಾ ಇಳಿಸಿದೆವು. ಕಾಳು ಸುರಿಯೋ ಡಬ್ಬಿ ತಗದೆವು. ಕಬ್ಬಣದ ಹಾರಿ ಹಾಕಿ ಮ್ಯಾಲಿನ ಕಲ್ಲು ಎತ್ತಿ ಗ್ವಾಡಿಗಿ ನಿಲ್ಲಿಸಿದೆವು. ಕಲ್ಲಿನ ಸುತ್ತಲಿನ ತಗಡಿನ ಪತ್ರಾ ಬಿಚ್ಚಿದಾಗ ನನ್ನ ಕೈ ನಿಂತಿತು. ಪತ್ರಾ ಮತ್ತ ಕಲ್ಲಿನ ಸಂದಿನಾಗ ಹಿಟ್ಟು ಗಚ್ಚಿನಂಗ ಹತ್ತಿ ಕುಂತಿತ್ತು, ಪದರ ಪದರ. ಎಷ್ಟು ವರ್ಷದ್ದೋ. ಗಿರಣಿ ನಡೆದಾಗೆಲ್ಲಾ ಅದರಿಂದ ಚೂರು ಚೂರು ಸಡ್ಲಾಗಿ ಹೊಸ ಹಿಟ್ಟಿನಾಗ ಬೀಳತದ. ಒಂದು ಬೊಗಸಿ ಏನು, ಒಂದು ಚೀಲ ಬೀಸಿ ತಗದರೂ ಹೋಗೋದಲ್ಲ. ಉಳಿ ಹಾಕಿ ಬಡಿದರ ಕಲ್ಲಿನಂಗ ಸಿಡೀತಿತ್ತು. ಮೂವರೂ ಮಾರಿಗಿ ಬಟ್ಟಿ ಕಟ್ಟಿಕೊಂಡು ಕೆರದೆವು, ತಂತಿ ಬ್ರಶ್ಶಿಲೆ ತಿಕ್ಕಿದೆವು. ಕಲ್ಲಿಗಿ ಹೊಸ ಟಾಕಿ ಹಾಕಿದೆ, ಅಂದ್ರ ಸವದ ಗೀರು ಮತ್ತ ಉಳಿಲೆ ಕೆತ್ತೋದು. ಗೀರಿನ ತಳದಾಗ ಸುದ್ದಾ ಹಳೇ ಹಿಟ್ಟು. ಕಲ್ಲು ನೀರಿಲೆ ತೊಳದು ಬಿಸಲಿಗಿ ಇಟ್ಟೆವು. ಖೋಲಿಗಿ ಸುಣ್ಣ ಹೊಡದೆವು. ನಡುವಿನ ಬಾಗಿಲಕ್ಕ ಚಿಲಕ ಹಾಕಿ, ಸಂದಿಗಿ ಬಟ್ಟಿ ತುರುಕಿದೆವು.

ಆಮ್ಯಾಲ ಒಂದು ವ್ಯವಸ್ಥಾ ಮಾಡಿದೆವು. ಗೋಧಿ ವಾರದಾಗ ಒಂದೆರಡು ದಿನ ಮಾತ್ರ, ಅದೂ ಮಧ್ಯಾಹ್ನ. ಬೀಸಿದ ಮ್ಯಾಲ ಗಿರಣಿ ಬಿಚ್ಚಿ ತಿಕ್ಕೋದು. ಗೋಧಿ ದಿನ ನಾ ಹುಡುಗಿ ಹತ್ತಿರ ಹೋಗೋದಿಲ್ಲ. ಹಿತ್ತಲಾಗ ಜಳಕ ಮಾಡಿ ಅರಬಿ ಬದಲಿಸಿದ ಮ್ಯಾಲೇ ಮನ್ಯಾಗ ಕಾಲಿಡೋದು. ಹುಡುಗಿಗೂ ಹೇಳಿಟ್ಟಿದ್ದೆವು, ಮುತ್ಯಾನ ಮೈ ಬಿಳಿ ಇದ್ದಾಗ ಹತ್ತಿರ ಹೋಗಬ್ಯಾಡ ಅಂತ.

ರಕ್ತದಾಗಿನ ದೋಷ ಒಂದಿಷ್ಟು ಇಳೀತು. ಪೂರಾ ಹೋಗಲಿಲ್ಲ. ದೊಡ್ಡ ಮಗ ಇಳಿದದಲ್ಲ, ಸಾಕು ಬಿಡಪ್ಪಾ ಅಂದ. ಡಾಕ್ಟರಬಾಯಿ ಸಾಕು ಅನ್ನಲಿಲ್ಲ.

ಒಂದು ಗೋಧಿ ದಿನ. ಬೀಸೋದು ಮುಗದು, ಕಲ್ಲಿನ ಮಗ್ಗಲ ಕುಂತು ತಿಕ್ಕಲತ್ತಿದ್ದೆ. ಬೀದಿ ಬಾಗಿಲದ ಹೊರಗ ಹುಡುಗಿ ಬಂದು ನಿಂತಳು. ಮೆಟ್ಟಲ ಹತ್ತಲಿಲ್ಲ. ಕೈಯಾಗ ಏನೋ ಹೂ ಇತ್ತು, ನನಗ ತೋರಿಸಬೇಕಂತ ತಂದಿದ್ದಳು. ನನ್ನ ಮೀಸಿ, ಹುಬ್ಬು, ಕೈ ಎಲ್ಲಾ ನೋಡಿದಳು.

"ಮುತ್ಯಾ," ಅಂದಳು, "ನೀನೂ ಗೋಧೀನಾ?"

 ಹೂ ಮೆಟ್ಟಲ ಮ್ಯಾಲ ಇಟ್ಟು ಹೋದಳು.

ನಾ ಕಲ್ಲು ತಿಕ್ಕೋದು ಬಿಟ್ಟು ಹಂಗೇ ಕುಂತೆ. ನಮ್ಮವ್ವಗ ತಿಳೀದೇ ಹೋಗಿತ್ತು, ಅದಕ್ಕ ಮಾಡಿದಳು. ನನಗ ತಿಳದದ. ತಿಳದೂ ವಾರಕ್ಕ ಒಂದೆರಡು ದಿನ ಅಂತ ಪಾಲು ಹಚ್ಚಲತ್ತೀನಿ. ಎದ್ದು ಜಳಕ ಮಾಡಿ ಮನಿಮಂದಿ ಕರದು ಹೇಳಿದೆ, ನಾಳಿಯಿಂದ ನಮ್ಮ ಗಿರಣ್ಯಾಗ ಗೋಧಿ ಬೀಸಂಗಿಲ್ಲ. ಮನ್ಯಾಗೂ ಗೋಧಿ ಬರಂಗಿಲ್ಲ. ಆಕಿ ಉಣ್ಣೋದೇ ನಾವೂ ಉಣ್ಣೋದು.

 ದೊಡ್ಡ ಮಗನ ಮಗಳ ಸಲುವಾಗೇ ಮಾತು, ಬ್ಯಾಡ ಹೆಂಗ ಅಂತಾನ. ಅಂವಾ ಇಷ್ಟೇ ಅಂದ, "ಮಂದಿ ಎರಡು ಗಿರಣಿಗಿ ಹೋಗಂಗಿಲ್ಲಪ್ಪಾ. ಗೋಧಿ ಹೋದಲ್ಲೇ ಜ್ವಾಳಾನೂ ಹೋಗತದ. ಗಿರಣಿ ನಿಂತಂಗೇ."

ಅಂವಾ ಹೇಳಿದಂಗೇ ಆತು. ಮೊದಲ ವಾರ ಹೆಣ್ಣುಮಕ್ಕಳು ಡಬ್ಬಿ ಹಿಡಕೊಂಡು ಬಂದು ಬಾಗಿಲದಾಗ ನಿಂತು ನಂಬಲಿಲ್ಲ. "ಗವ್ಹ್ ನಾಹೀ?" ಅಂತ ಮರಾಠ್ಯಾಗ ಒಬ್ಬಾಕಿ, ಗೋಧಿ ಇಲ್ಲೇನ್ರಿ ಅಂತ ಕನ್ನಡದಾಗ ಮತ್ತೊಬ್ಬಾಕಿ. ನಮ್ಮ ಓಣಿಯ ಮುದುಕಿಯೊಬ್ಬಾಕಿ, "ಗಿರಣಿ ಮಡಿ ಹಿಡದದೇನೋ, ಇನ್ನ ಉಪಾಸನೂ ಮಾಡತದ ನೋಡು" ಅಂದು ಹೋದಳು. ಆಕಿ ಚಾಷ್ಟಿ ಖರೆ ಆತು. ಒಂದೊಂದು ದಿನ ಸಂಜಿ ತನಕ ಪಟ್ಟಾ ತಿರುಗುತ್ತಿರಲಿಲ್ಲ. ಹುಟ್ಟಿದಾಗಿಂದ ಆ ಸಪ್ಪಳದಾಗ ಬದುಕಿದಾಂವ ನಾ. ಸಪ್ಪಳ ನಿಂತ ಮನ್ಯಾಗ ಯಾರೋ ತೀರಿಹೋದಂಗ ಆಗತಿತ್ತು. ಹುಡುಗಿ ಮಾತ್ರ ನಡುವಿನ ಬಾಗಿಲ ಚಿಲಕ ತಾನೇ ತಗದು ಒಳಗ ಬಂದಳು. ನನ್ನ ಕೈ ಮೂಸಿ ನೋಡಿ, ತೊಡಿ ಮ್ಯಾಲ ಕುಂತಳು.

ಕೆಲಸ ಇಲ್ಲದ ಆ ದಿನದಾಗೇ ಬಿಸ್ಕೀಟಿನ ಹುಚ್ಚು ಹತ್ತಿತು. ಹುಡುಗಿಗಿ ಚಹಾದಾಗ ಟೋಸ್ಟ್ ಎದ್ದಿ ತಿನ್ನೋದಂದ್ರ ಜೀವ. ಬಂದಾದಾಗಿಂದ ಅದನ್ನ ನೆನಸಿ ಅಳೋಳು. ಬರೇ ರೊಟ್ಟಿ ಚೂರು ಚಹಾದಾಗ ಎದ್ದಿ, ಕಣ್ಣು ಮುಚ್ಚಿ, ಟೋಸ್ಟ್ ಅಂತ ತಿನ್ನೋಳು. ಸಣ್ಣ ಮಗ ಇದನ್ನ ನೋಡಿ ತಿರುಗಿ ಸಮುದ್ರಕ್ಕ ಹೋಗೋದು ಮುಂದ ಹಾಕಿದ.

ಭಟ್ಟಿ ಎಲ್ಲಿಂದ ತರಬೇಕು. ದಪ್ಪ ಬುಡದ ದೊಡ್ಡ ಭಗೋಣ್ಯಾಗ ಉಸುಗು ಹಾಸಿ, ನಡುವ ತಾಟು ಇಟ್ಟು, ಮುಚ್ಚಳದ ಮ್ಯಾಲ ಕೆಂಡ ಹಾಕಿದ. ಉಸುಗು ಕಂಡ್ರ ನಿನಗ ಸಮಾಧಾನ ಏನೋ ಅಂದೆ, ಹೌದಪ್ಪಾ ಅಂದ. ಜ್ವಾಳದ ಹಿಟ್ಟು, ಒಂದಿಷ್ಟು ಅಕ್ಕಿ ಹಿಟ್ಟು, ಬೆಲ್ಲ, ಮಜ್ಜಿಗಿ, ಸೋಡಾ. ಹೊರಗ ತಗದು ಕೊಯ್ದರ ಉದುರಿ ರಾಶಿ ಆತು. ಗೋಧಿಗಿರೋ ಜಿಗಿ ಜ್ವಾಳಕ್ಕಿಲ್ಲ. ಅಲ್ಲಿ ತತ್ತಿ ಹಾಕತಿದ್ದೆವು ಅಂತ ಬಾಯಿ ತಪ್ಪಿ ಅಂದುಬಿಟ್ಟ. ನನ್ನ ಹೆಂಡ್ತಿ ಸೌಟು ಹಿಡಕೊಂಡೇ ತಿರುಗಿ ನೋಡಿದಳು. "ಕೊರಳಾಗ ಲಿಂಗ ಅದ, ನೆನಪಿರಲಿ. ನೀ ಸಮುದ್ರದಾಗ ಏನೇನು ತಿಂದೀಯೋ ಸಮುದ್ರಕ್ಕೇ ಗೊತ್ತು."

ತತ್ತಿ ಬಿಟ್ಟು ಬ್ಯಾರೆ ಏನು? ಆಕಿನೇ ದಾರಿ ತೋರಿಸಿದಳು. ಅಗಸಿ ಹುರಿಯದೆ ಕುಟ್ಟಿ ನೀರಾಗ ನೆನಿ ಹಾಕಿದರ ಲೋಳಿ ಲೋಳಿ ಆಗತದ, ಅದು ಹಿಡೀತದ ನೋಡು ಅಂದಳು. ಅರ್ಧ ಹಿಟ್ಟಿಗಿ ಕುದಿಯೋ ಎಸರು ಹಾಕಿ ನಾದಬೇಕು, ರೊಟ್ಟಿ ಬಡಿಯೋ ಮುಂದ ಮಾಡಿದಂಗ. ಹಿಟ್ಟು ನುಣ್ಣಗ ಬೇಕು ಅಂತ ನಾ ಕಲ್ಲು ಬಿಗಿ ಮಾಡಿ ಬೀಸಿದೆ. ಬಿಗಿ ಮಾಡಿದರ ಹಿಟ್ಟು ಕಾಯತದ, ಕಾಯ್ದರ ಕಹಿ. ಆ ಸಲದ್ದು ಎಮ್ಮಿಗಿ ಹೋತು. ಆಮ್ಯಾಲ ಕಲ್ಲು ಸಡ್ಲು ಬಿಟ್ಟು, ಮುಂಜಾನಿ ತಂಪಿನಾಗ ಎರಡು ಸಲ ಬೀಸಿ, ಹಳೇ ಧೋತರದಾಗ ಸೋಸಿ ಕೊಟ್ಟೆ. ಅಂವಾ ಬೆಂದ ಗಟ್ಟಿಯನ್ನ ಒಂದಿನ ಆರಿಸಿ, ತೆಳ್ಳಗ ಕೊಯ್ದು, ಸಣ್ಣ ಉರಿಗಿ ಮತ್ತ ಒಣಗಿಸಿದ. ಚಹಾದಾಗ ಎದ್ದಿದರ ಮುರದು ತಳಕ್ಕ ಬಿತ್ತು. ಹುಡುಗಿ ಅಳಲಿಲ್ಲ, ಚಮಚಾ ತಗೊಂಡು ಎತ್ತಿ ತಿಂದಳು. ಆಕಿ ಅಳದೇ ಇದ್ದದ್ದೇ ನನಗ ಹೆಚ್ಚು ಹತ್ತಿತು. ಅಗಸಿ ಹೆಚ್ಚು ಮಾಡಿದ, ಮಜ್ಜಿಗಿ ಕಡಿಮಿ ಮಾಡಿದ. ಎಷ್ಟೋ ಸಲ ಕೆಟ್ಟ ಮ್ಯಾಲ ಒಂದು ಸಂಜಿ ಹುಡುಗಿ ಟೋಸ್ಟ್ ಎದ್ದಿದಳು, ಮ್ಯಾಲ ಎತ್ತಿದಳು, ಅದು ಹಂಗೇ ನಿಂತಿತ್ತು. ಎಲ್ಲರೂ ಆಕಿ ಕೈ ನೋಡಲತ್ತಿದ್ದೆವು. ಬಾಯಾಗ ಹಾಕ್ಕೊಂಡು, "ಕಾಕಾ, ಇದು ಕಣ್ಣು ತಗದು ತಿನ್ನಲಿಕ್ಕ ಬರತದ" ಅಂದಳು.

ಸಣ್ಣ ಮಗ ಎದ್ದು ಹಿತ್ತಲಕ್ಕ ಹೋದ. ಅಂವನ ಸಾವಕಾಶ ಎಲ್ಲಾ ಮ್ಯಾಲಿನ ತೋರಿಕಿ ಅಂತ ನನಗ ಅವತ್ತ ತಿಳೀತು.

ಹುಡುಗಿಗಿ ಮೈ ಹತ್ತಲಿಕ್ಕ ಸುರು ಆತು. ಅಂವಾ ಆಕಿಗಿ ಒಂದು ಹಲಗಿ ಕೆತ್ತಿ ಕೊಟ್ಟ. ಸೋಯಾಬೀನ್ ಹೊಟ್ಟಿನ ಗುಡ್ಡಿ ಮ್ಯಾಲಿಂದ ಹಲಗಿ ಹಾಕ್ಕೊಂಡು ಜಾರೋದು. ಮೊದಲು ಅಂವನೇ ಎತ್ತಿ ಮ್ಯಾಲ ಕುಂದ್ರಿಸೋನು. ಒಂದಿನ ಆಕಿ ತಾನೇ ಹತ್ತಿ ನಿಂತಳು.

ಸುದ್ದಿ ಹಬ್ಬಿತು. ಡಾಕ್ಟರಬಾಯಿನೇ ಯಾರಿಗೋ ಹೇಳಿರಬೇಕು. ವಲಾಂಡಿ ಕಡಿಯಿಂದ ಒಬ್ಬ ಹೆಣ್ಣುಮಗಳು ಬಂದಳು, ಕಂಕುಳಾಗ ಒಂದು ಕೂಸು. ನಾ ಕೂಸಿನ ಹೊಟ್ಟಿ ನೋಡಿದೆ, ಕೇಳೋದು ಏನೂ ಉಳೀಲಿಲ್ಲ. ಆಕಿಗಿ ಜ್ವಾಳ ಬೀಸಿ ಕೊಟ್ಟೆ. ಔರಾದ ಶಹಾಜನಿಯಿಂದ ಮತ್ತೊಬ್ಬರು ಬಂದರು. ಈಗ ಗಿರಣಿ ಒಂದಿಷ್ಟು ತಿರುಗತದ, ಮೊದಲಿನಂಗ ಅಲ್ಲ. ಅಂ‍ಥಾ ಕೂಸುಗಳನ್ನ ನೋಡಿದಾಗೆಲ್ಲಾ ಅನಸತದ, ಆವಾಗ ಈ ಸೀಮ್ಯಾಗ ಹಿಂಗ ಎಷ್ಟು ಕೂಸು ಮಣ್ಣಿಗಿ ಹೋದವೋ, ಎಷ್ಟು ಅವ್ವಂದಿರು ತುಪ್ಪ ಹಾಕಿ ಸತ್ವ ಉಣಿಸಿದರೋ.

ನಿನ್ನಿ ಉದಗೀರದಿಂದ ಮನಿ ಮುಟ್ಟೋದ್ರಾಗ ಹೊತ್ತು ಇಳಿದಿತ್ತು. ಸುದ್ದಿ ಫೋನಿನಾಗ ಮೊದಲೇ ಬಂದಿತ್ತು. ನನ್ನ ಹೆಂಡ್ತಿ ರೊಟ್ಟಿ ಬಡದು ಬುಟ್ಟಿ ತುಂಬಿದ್ದಳು, ಪುಂಡಿ ಪಲ್ಯ, ಅಗಸಿ ಹಿಂಡಿ ಮಾಡಿದ್ದಳು. ಸಣ್ಣ ಮಗ ಉಸುಗಿನ ಭಗೋಣ್ಯಾಗ ಬೆಲ್ಲ ಶೇಂಗಾ ಹಾಕಿ ಜ್ವಾಳದ ಕೇಕ್ ಮಾಡಿದ್ದ. ಟ್ರಂಕಿನಾಗಿಂದ ಬಳಿ ಹೊರಗ ಬಂತು. ಹುಡುಗಿ ಕೈಗಿ ಏರಲಿಲ್ಲ, ಸಣ್ಣದಾಗಿತ್ತು. ನನ್ನ ಹೆಂಡ್ತಿ ಆ ಬಳಿ ಹಣಿಗಿ ಒತ್ತಿಕೊಂಡು ಅತ್ತಳು.

ಎಲ್ಲರೂ ಕುಂದ್ರೋಕಿಂತ ಮೊದಲು ನಾ ಒಂದು ತಾಟಿನಾಗ ಒಂದು ರೊಟ್ಟಿ, ಒಂದು ಚೂರು ಕೇಕ್ ಹಾಕ್ಕೊಂಡು ಹೊಲಕ್ಕ ಹೋದೆ. ಎಳ್ಳಮಾಸಿ ಅಲ್ಲ, ಏನಲ್ಲ. ಬೇವಿನ ಬುಡಕ್ಕ ಇಟ್ಟೆ. ಇಷ್ಟು ವರ್ಷ ಅಲ್ಲಿ ಗೋಧಿ ಹುಗ್ಗಿನೇ ಇಟ್ಟು ಬಂದೀನಿ. ಸತ್ತ ಮ್ಯಾಲೂ ಆಕಿಗಿ ಅದನ್ನೇ ಉಣಿಸಿದೆವು. "ತಗೋ ತಂಗಿ," ಅಂದೆ, "ಇದರಾಗ ಗೋಧಿ ಇಲ್ಲ."

ತಿರುಗಿ ಬಂದಾಗ ಎಲ್ಲರೂ ನನಗ ಕಾಯಲತ್ತಿದ್ದರು. ಕೈಕಾಲು ತೊಳಕೊಂಡು ಕುಂತೆ. ಹುಡುಗಿ ನನ್ನ ತೊಡಿ ಮ್ಯಾಲ ಬಂದು ಕುಂತು, ರೂಢಿ ಪ್ರಕಾರ ನನ್ನ ಕೈ ಮೂಸಿ ನೋಡಿದಳು. ಆಮ್ಯಾಲ ತಾಟು ಯಾರಿಗಿ ಒಯ್ದಿದ್ದಿ ಅಂತ ಕೇಳಿದಳು.

"ನಿನ್ನಂಥಾಕಿ ಒಬ್ಬಾಕಿಗಿ" ಅಂದೆ.

"ಆಕಿಗೂ ಗೋಧಿ ಆಗಂಗಿಲ್ಲಾ?"

"ಆಗಂಗಿಲ್ಲವ್ವಾ."

ರೊಟ್ಟಿ ಮುರಕೋತ ಅಂದಳು, "ಹಂಗಾದ್ರ ಇಲ್ಲೇ ಕರಕೊಂಡು ಬಾ. ನಮ್ಮ ಮನ್ಯಾಗ ಗೋಧಿ ಇಲ್ಲಲ್ಲ."

 ನನ್ನ ಹೆಂಡ್ತಿ ಬುಟ್ಟ್ಯಾಗಿಂದ ಬಿಸಿ ರೊಟ್ಟಿ ಒಂದೊಂದೇ ತಗದು ಎಲ್ಲರಿಗೂ ಹಾಕಿದಳು. ನಾ ಮೊದಲ ತುತ್ತು ನನ್ನ ಕೈಲೆ ಹುಡುಗಿ ಬಾಯಾಗ ಇಟ್ಟೆ. ಆಮ್ಯಾಲ ನಾವೆಲ್ಲಾ ಉಂಡೆವು.